ಪುದುಚೇರಿಯ ಮುತ್ತಾತನಿಗೆ ಫ್ರೆಂಚ್ ಅಡ್ಡಹೆಸರು ಬಂದದ್ದೆಲ್ಲಿಂದ?

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಬೆಂಗಳೂರಿನವರು, ನಮ್ಮತ್ತೆಯ ತವರು ಪುದುಚೇರಿ. ಅವರ ಮನೆತನದ ಅಡ್ಡಹೆಸರು ಅಪ್ಪಟ ಫ್ರೆಂಚ್. ಯಾರೋ ಫ್ರೆಂಚ್ ಸಿಪಾಯಿ ಅಲ್ಲೇ ಮದುವೆಯಾಗಿ ನೆಲೆನಿಂತನೆಂದು ಮನೆಯಲ್ಲಿ ಹೇಳಿಕೊಂಡು ಬಂದಿದ್ದಾರೆ. ಆದರೆ ಹಳೇ ಟ್ರಂಕಿನಲ್ಲಿ ಸಿಕ್ಕ 1887ರ ಮದುವೆ ದಾಖಲೆಯ ನಕಲಿನಲ್ಲಿ ಮದುಮಗನಿಗೆ ಆ ಅಡ್ಡಹೆಸರಿದೆ, ಅವನ ಅಪ್ಪನ ಹೆಸರು ಬರೀ ತಮಿಳು. ಆ ಸಿಪಾಯಿಯನ್ನು ಎಲ್ಲಿ ಹುಡುಕಲಿ?

ಉತ್ತರ (ವಂಶಾವಳಿ ಸಂಶೋಧಕಿ): ಸಿಪಾಯಿಯನ್ನು ಸದ್ಯಕ್ಕೆ ಬಿಡಿ ಸರ್. ಅಪ್ಪನಿಗೆ ತಮಿಳು ಹೆಸರು, ಮಗನಿಗೆ ಫ್ರೆಂಚ್ ಅಡ್ಡಹೆಸರು, ಇಸವಿ 1881ರ ನಂತರದ್ದು. ಇವು ಮೂರೂ ಕೂಡಿದರೆ ನಾನು ಮೊದಲು ಕೇಳುವ ಪ್ರಶ್ನೆ, ಇವರು ‘ರೆನೋನ್ಸಾಂ’ ಇರಬಹುದೇ ಎಂದು. ಅಂದರೆ ತೊರೆದವರು. 1881ರ ಸೆಪ್ಟೆಂಬರ್ 21ರ ಆದೇಶದ ಪ್ರಕಾರ ಫ್ರೆಂಚ್ ಭಾರತದ ಯಾವ ಭಾರತೀಯನಾದರೂ ತನ್ನ ಜಾತಿ-ಧರ್ಮದ ಕಟ್ಟಳೆಯ ವೈಯಕ್ತಿಕ ಕಾನೂನನ್ನು ಬಿಟ್ಟು ಫ್ರೆಂಚ್ ಸಿವಿಲ್ ಕಾನೂನಿಗೆ ಒಳಪಡಬಹುದಿತ್ತು. ಒಮ್ಮೆ ತೊರೆದರೆ ಹಿಂದಿರುಗುವಂತಿಲ್ಲ. ಹಾಗೆ ತೊರೆಯುವಾಗಲೇ ತನಗೂ ಸಂತತಿಗೂ ಒಂದು ಅಡ್ಡಹೆಸರು ಹೇಳಬೇಕು. ನಮ್ಮಲ್ಲಿ ಊರು, ಅಪ್ಪನ ಹೆಸರು ಇನಿಶಿಯಲ್ ಆಗಿ ತಲೆಮಾರಿಗೊಮ್ಮೆ ಬದಲಾಗುವ ಹಾಗೆಯೇ ಅಲ್ಲೂ ಇತ್ತು. ಅಂದಿನಿಂದ ಅವರ ಹೆಸರು ಅಚ್ಚಾಗಿ ನಿಂತಿತು.

ಈ ಚಳವಳಿಯ ಮುಂದಾಳು ಪೊನ್ನುತಂಬಿ ಪಿಳ್ಳೈ ಎಂಬ ವಕೀಲರು. 1873ರಲ್ಲಿ ಯುರೋಪಿಯನ್ ಬೂಟು ಹಾಕಿಕೊಂಡು ಕೋರ್ಟಿಗೆ ಬಂದದ್ದಕ್ಕೆ ಅವರನ್ನು ತಡೆದರು. ಅವರು ಫ್ರಾನ್ಸ್‌ವರೆಗೂ ಹೋರಾಡಿ ಗೆದ್ದರು. ಮುಂದೆ ಅವರು ಆರಿಸಿಕೊಂಡ ಅಡ್ಡಹೆಸರು ‘ಲಾ ಪೋರ್ತ್’, ಬಾಗಿಲು ಎಂದರ್ಥ. ತೊರೆದವರಲ್ಲಿ ಕ್ರೈಸ್ತರು, ದಲಿತರು ಹೆಚ್ಚು. ಹೆಸರಿನಲ್ಲೇ ಜಾತಿ ಓದುವ ಊರಿನಲ್ಲಿ ತಮಗೊಂದು ಹೊಸ ಹೆಸರನ್ನು ತಾವೇ ಆರಿಸಿಕೊಂಡ ಜನ ಅವರು. ನನಗಂತೂ ಇದು ಸಿಪಾಯಿ ಕಥೆಗಿಂತ ದೊಡ್ಡದು.

ಹುಡುಕಾಟಕ್ಕೆ ಫ್ರಾನ್ಸಿನ ಎಕ್ಸ್-ಆಂ-ಪ್ರೊವಾನ್ಸ್‌ನಲ್ಲಿರುವ ಸಾಗರೋತ್ತರ ರಾಷ್ಟ್ರೀಯ ದಾಖಲಾಗಾರದ ವೆಬ್‌ಸೈಟ್‌ಗೆ ಹೋಗಿ. ವಸಾಹತುಗಳ ಜನನ, ಮದುವೆ, ಮರಣದ ಪುಸ್ತಕಗಳ ಒಂದು ಪ್ರತಿ ಫ್ರಾನ್ಸಿಗೆ ಬರಬೇಕೆಂದು 1776ರಲ್ಲೇ ರಾಜಾಜ್ಞೆ ಆಗಿತ್ತು, ಆ ಪುಣ್ಯದಿಂದ ಪುದುಚೇರಿ, ಕಾರೈಕಲ್, ಮಾಹೆಯ ಹಳೇ ಪುಟಗಳನ್ನು ಮನೆಯಲ್ಲೇ ಕೂತು ಬಿಡಿಗಾಸಿಲ್ಲದೆ ನೋಡಬಹುದು. ಮದುಮಗನ ವಯಸ್ಸು ಮದುವೆ ದಾಖಲೆಯಲ್ಲೇ ಇರುತ್ತದೆ. ಅದನ್ನು ಕಳೆದು ಹುಟ್ಟಿದ ವರ್ಷ ಹಿಡಿಯಿರಿ. ಆ ಪುಸ್ತಕದಲ್ಲಿ ಅವನ ಫ್ರೆಂಚ್ ಹೆಸರು ಹುಡುಕಬೇಡಿ, ಅಪ್ಪನ ತಮಿಳು ಹೆಸರು ಹುಡುಕಿ.

ಪ್ರಶ್ನೆ: ಹುಡುಕಿದೆ ಮೇಡಂ. ಅಪ್ಪನ ಹೆಸರಿನಲ್ಲಿರುವ ‘ಪಿಳ್ಳೈ’ ಎಂಬುದು ಒಂದೂ ಇಲ್ಲವಲ್ಲ!

ಉತ್ತರ: ಫ್ರೆಂಚ್ ಗುಮಾಸ್ತರು ತಮ್ಮ ಕಿವಿಗೆ ಕೇಳಿದಂತೆ ಬರೆದರು. ಪಿಳ್ಳೈ ಅಲ್ಲಿ ‘ಪುಲ್ಲೆ’ ಆಗಿರುತ್ತದೆ. ಇನ್ನು ‘ಉ’ ಸ್ವರ ಬಂದಲ್ಲೆಲ್ಲ ‘ಓ’, ‘ಯು’ ಎರಡೂ ಇಂಗ್ಲಿಷ್ ಅಕ್ಷರ ಜೋಡಿಸಿ ಹುಡುಕಿ. ಮುತ್ತು, ಸುಬ್ಬು ಎಲ್ಲಕ್ಕೂ ಇದೇ. ಇನ್ನೊಂದು ಮಾತು. ಅಣ್ಣತಮ್ಮಂದಿರು ಬೇರೆ ಬೇರೆಯಾಗಿ ತೊರೆದಿದ್ದರೆ ಅಡ್ಡಹೆಸರುಗಳೂ ಬೇರೆ ಇರಬಹುದು. ಹೆಸರು ಹೊಂದಲಿಲ್ಲವೆಂದು ದಾಯಾದಿಗಳನ್ನು ಬಿಟ್ಟುಬಿಡಬೇಡಿ, ಅಪ್ಪ-ಅಮ್ಮನ ಹೆಸರು ತಾಳೆ ನೋಡಿ.

ಇನ್ನೊಬ್ಬ ಸದಸ್ಯೆ: ಮೇಡಂ, ಫ್ರಾನ್ಸಿಗೆ ಸೇರಿದ ರಿಯೂನಿಯನ್ ದ್ವೀಪದ ನನ್ನ ಸಹೋದ್ಯೋಗಿಯ ಅಡ್ಡಹೆಸರೇ ರಾಮಸ್ವಾಮಿಯ ಹಾಗಿದೆ. ಅದೂ ಇದೇ ಕಾನೂನೇ?

ಉತ್ತರ: ಅಲ್ಲಮ್ಮ. ಅಲ್ಲಿಗೆ ಕಬ್ಬಿನ ತೋಟದ ಕೂಲಿಗೆ ಕರಾರಿನ ಮೇಲೆ ಹೋದ ತಮಿಳರ ಸ್ವಂತ ಹೆಸರೇ ಮಕ್ಕಳಿಗೆ ಅಡ್ಡಹೆಸರಾಯಿತು. ಇಲ್ಲಿಯದಕ್ಕೆ ಪೂರ್ತಿ ತಿರುವುಮುರುವು.

ಪ್ರಶ್ನೆ: ಮೇಡಂ, ಮುತ್ತಾತನ ಜನನ ದಾಖಲೆ ಸಿಕ್ಕಿತು! ತುಂಬಾ ಥ್ಯಾಂಕ್ಸ್. ಮುತ್ತಜ್ಜಿಯ ಮರಣ ದಾಖಲೆ ಮಾತ್ರ ಎಲ್ಲೂ ಇಲ್ಲ.

ಉತ್ತರ: ಗಂಡನ ಅಡ್ಡಹೆಸರಲ್ಲಿ ಹುಡುಕಿರುತ್ತೀರಿ. ಫ್ರೆಂಚ್ ದಾಖಲೆಯಲ್ಲಿ ಹೆಣ್ಣು ಸಾಯುವ ತನಕ ಹುಟ್ಟಿದ ಮನೆಯ ಹೆಸರಲ್ಲೇ ಇರುತ್ತಾಳೆ. ಮದುವೆ ಪತ್ರದಲ್ಲಿ ಮದುಮಗಳ ಹೆಸರು ಹೇಗಿದೆಯೋ ಅದೇ ಅಕ್ಷರದಲ್ಲಿ ಮತ್ತೊಮ್ಮೆ ನೋಡಿ.