ಅಪ್‌ಡೇಟ್: ಅಮ್ಮನ ಜೊತೆ ಕ್ಯೋಟೋದಲ್ಲಿ ಒಂದು ದಿನ, ಹೊಟ್ಟೆಗೇ ಆದ್ಯತೆ

ಹೋದ ವಾರ ಕೇಳಿದ್ದೆನಲ್ಲ, ಮಂಡಿ ನೋವಿರೋ, ಮೀನು ಮುಟ್ಟದ ಅಮ್ಮನ್ನ ಕ್ಯೋಟೋದಲ್ಲಿ ಎಲ್ಲಿ ಸುತ್ತಿಸಲಿ, ಏನು ತಿನ್ನಿಸಲಿ ಅಂತ. ಹೋಗಿ ಬಂದ್ವಿ.

ಬೆಳಿಗ್ಗೆ ನಿಶಿಕಿ ಮಾರ್ಕೆಟ್, ಮಧ್ಯಾಹ್ನ ನಾನ್‌ಜೆನ್‌ಜಿ ದೇವಸ್ಥಾನದ ಹತ್ರ ಯುದೋಫು, ಅಂದ್ರೆ ಬಿಸಿ ತೋಫು ಊಟ, ಅಂತ ಒಬ್ಬರು ಹೇಳಿದ್ರಲ್ಲ, ಆ ಪ್ಲಾನೇ ಗೆದ್ದಿದ್ದು. ನಿಶಿಕಿ ಅಂದ್ರೆ ಸುಮಾರು 390 ಮೀಟರ್ ಉದ್ದದ ಓಣಿ, ಮೇಲೆ ಚಾವಣಿ, ನೆಲ ಸಮತಟ್ಟು. ಅಮ್ಮನಿಗೆ ಉಪ್ಪಿನಕಾಯಿ ಅಂಗಡಿ ಬಿಟ್ಟು ಬರೋಕೇ ಮನಸ್ಸಿಲ್ಲ. ಬದನೆಕಾಯಿ, ಕೆಂಪು ಶಿಸೋ ಎಲೆ ಹಾಕಿದ ಶಿಬಾಜುಕೆ ಬಾಯಿಗಿಟ್ಟು, "ಖಾರಾನೇ ಇಲ್ವಲ್ಲೋ, ಆದ್ರೂ ಚೆನ್ನಾಗಿದೆ" ಅಂದ್ರು. ಅಲ್ಲಿ ನಡೀತಾ ತಿನ್ನಬಾರದು, ಅಂಗಡಿ ಮುಂದೇನೇ ನಿಂತು ಮುಗಿಸಬೇಕು.

ಫುಶಿಮಿ ಇನಾರಿ ದೇಗುಲಕ್ಕೆ ಹೋಗಿ ಅನ್ನೋ ಸಲಹೆ ನಮಗೆ ಆಗ್ಲಿಲ್ಲ. ಮೆಟ್ಟಿಲು ನೋಡಿ ಅಮ್ಮ ಕೆಳಗಿಂದಲೇ ಕೈಮುಗಿದ್ರು.

ಸಸ್ಯಾಹಾರಿಗಳು ಗಮನಿಸಿ: ಯುದೋಫು ಬರೀ ಕೊಂಬು ಅನ್ನೋ ಕಡಲಪಾಚಿ ನೀರಲ್ಲಿ ಬಿಸಿ ಮಾಡಿದ ತೋಫು. ಆದ್ರೆ ಅದ್ದಿಕೊಳ್ಳೋ ಸಾಸ್‌ನಲ್ಲಿ ಕತ್ಸುಒಬುಶಿ, ಅಂದ್ರೆ ಒಣಮೀನಿನ ರಸ ಇರಬಹುದು. ನಾವು ಮೊದಲೇ ಕೇಳಿದ್ವಿ, ಇತ್ತು. ಬರೀ ಸೋಯಾ ಸಾಸ್, ಶುಂಠಿ, ಈರುಳ್ಳಿ ಸೊಪ್ಪು ತಂದುಕೊಟ್ರು.

ಸಂಜೆ ಕಾಮೊ ನದಿ ದಡ. ವರಾಬಿಮೋಚಿ ಅನ್ನೋ ಮೆತ್ತನೆ ಸಿಹಿತಿಂಡಿ ಮೇಲಿನ ಹುರಿದ ಸೋಯಾ ಹಿಟ್ಟು ಥೇಟ್ ನಮ್ಮ ಹುರಿಗಡಲೆ ಪುಡಿ ಥರ. ಎರಡನೇ ತುಂಡು ಎತ್ತೋಷ್ಟರಲ್ಲಿ ಹಿಂದಿನಿಂದ ಹದ್ದೊಂದು ರಪ್ ಅಂತ ಬಂದು ಕಿತ್ಕೊಂಡು ಹೋಯ್ತು! ಇದನ್ನ ಯಾರೂ ಹೇಳಿರಲಿಲ್ಲ ನೋಡಿ. ಅಮ್ಮ ಇನ್ನೂ ನಗ್ತಿದ್ದಾರೆ.