ಶ್ರಾವಣದಲ್ಲಿ ಮಿಕ್ಕಿದ ಅಂಜಲ್

"ಮೀನು ಮಿಕ್ಕಿದೆ" ಅಂತ ಶೆಟ್ಟಿ ಹೇಳಿದಾಗ ಗೌಡ ಮೊದಲು ನಕ್ಕ, ಆಮೇಲೆ ಶೆಟ್ಟಿಯ ಹಣೆ ಮುಟ್ಟಿ ನೋಡಿದ.

"ಜ್ವರ ಏನಿಲ್ಲ. ಅಲ್ಲ ಕಣಯ್ಯ, ಮಂಗ್ಳೂರವರ ಮನೇಲಿ ಮೀನು ಹೆಂಗ್ ಮಿಕ್ತದೆ? ಮಿಕ್ಕೋದು ಮುಳ್ಳು ತಾನೆ?"

"ಅದೊಂದು ದೊಡ್ಡ ಕತೆ ಮಾರಾಯ."

ಅಂಥ ದೊಡ್ಡ ಕತೆಯೇನಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲ. ಆ ಎರಡು ತಿಂಗಳು ಶೆಟ್ಟಿ ಬೆಂಗಳೂರಲ್ಲಿ ಕೂತು ಐಸ್ ಮೀನನ್ನು ಬಯ್ಯುತ್ತಿರುತ್ತಾನೆ. ಆಗಸ್ಟಿನಲ್ಲಿ ಮಲ್ಪೆಯ ಬೋಟುಗಳು ಹೊರಟ ಸುದ್ದಿ ಬಂದದ್ದೇ ತಡ, ಮಾರ್ಕೆಟ್ಟಿಗೆ ಓಡಿ ಒಂದು ಇಡೀ ಅಂಜಲ್, ಜೊತೆಗೆ ಬಂಗುಡೆ ಹೊತ್ತು ತಂದ. ಭಾನುವಾರದ ಊಟಕ್ಕೆ ಹೆಂಡತಿಯ ಆಫೀಸಿನವರನ್ನು ಸಂಸಾರ ಸಮೇತ ಕರೆದ. ಅವರು ಬಂದರು, ಕೂತರು, ಎಲೆಯ ಮೇಲಿನ ತವಾ ಫ್ರೈ ನೋಡಿ "ಅಯ್ಯೋ, ಶ್ರಾವಣ ಅಲ್ವಾ?" ಅಂದರು.

"ಎಂಟು ಜನ! ಎಂಟೂ ಜನ ತಿಳಿಸಾರು ಅನ್ನ ಉಂಡು ಹೋದ್ರು" ಅಂದ ಶೆಟ್ಟಿ. "ಮನೇಲಿದ್ದ ಹಪ್ಪಳವೆಲ್ಲ ಖಾಲಿ."

"ನಂಗೊಂದು ಫೋನ್ ಮಾಡೋಕಾಗ್ಲಿಲ್ವಾ? ನಮ್ಮನೇಲಿ ಶ್ರಾವಣ ಶನಿವಾರ ಮಾತ್ರ."

"ಆ ಎಂಟು ಮಂದಿ ಭಾಳ ಚಲೋ ಮಂದಿ ಬಿಡ್ರಿ" ಅಂದರು ಜೋಶಿ. ಧಾರವಾಡದ ಜೋಶಿ ಮೀನಿರಲಿ, ಮೊಟ್ಟೆಯನ್ನೂ ಮುಟ್ಟಿದವರಲ್ಲ. ಆದರೆ ನಮ್ಮ ಅಪಾರ್ಟ್‌ಮೆಂಟಿನ ಕಟ್ಟೆಯ ಮೇಲೆ ಯಾವ ವಿಷಯಕ್ಕೂ ಅಭಿಪ್ರಾಯ ಕೊಡದೆ ಎದ್ದುಹೋದವರೂ ಅಲ್ಲ.

ಹೀಗೆ ಸೋಮವಾರ ಸಂಜೆ ನಾವು ನಾಲ್ವರೂ ಶೆಟ್ಟಿಯ ಅಡುಗೆಮನೆಯಲ್ಲಿದ್ದೆವು. ಜೋಶಿ ಹೊಸ್ತಿಲಿನಾಚೆ, ಲೆಕ್ಕಕ್ಕೆ ಹೊರಗೆ. ಶೆಟ್ಟಿಯ ಹೆಂಡತಿ, ನಮಗೆಲ್ಲ ಅಕ್ಕ, ಫ್ರಿಜ್ಜಿನಿಂದ ಡಬ್ಬಿ ತೆಗೆದು ಕಟ್ಟೆಯ ಮೇಲಿಟ್ಟರು. ಒಂದರಲ್ಲಿ ಅಂಜಲಿನ ಬಾಲದ ತುಂಡುಗಳು, ಇನ್ನೊಂದರಲ್ಲಿ ಬಂಗುಡೆ ಗಸಿ, ಅಂದರೆ ಕರಾವಳಿಯ ಗಟ್ಟಿ ಸಾರು.

"ಕಾವಲಿ ಮೇಲಿಟ್ಟು ಬಿಸಿ ಮಾಡಿ ಕೊಟ್ಬಿಡಿ ಅಕ್ಕ" ಅಂದ ಗೌಡ, ಆಗಲೇ ತಟ್ಟೆ ಹಿಡಿದು.

"ಗಸಿ ಬೇಕಾದ್ರೆ ತಿನ್ನಿ, ಅದು ನಿನ್ನೆಗಿಂತ ಇವತ್ತೇ ರುಚಿ. ನಿನ್ನೆಯ ಫ್ರೈ ಇವತ್ತು ಬಿಸಿ ಮಾಡಿದ್ರೆ ಚಪ್ಪಲಿ. ಕಟ್ಲೆಟ್ ಮಾಡುವಾ. ಇವಳೂ ತಿಂತಾಳೆ."

ಇವಳು ಅಂದರೆ ಮಗಳು, ಒಂದನೇ ಕ್ಲಾಸು. ಬಾಯಿ ತೆರೆಯುವ ಮೊದಲು ಪ್ರತಿ ತುತ್ತಿಗೂ ಅವಳದ್ದೊಂದೇ ಪ್ರಶ್ನೆ: "ಇದರಲ್ಲಿ ಮುಳ್ಳುಂಟಾ?" ಕಡಲ ಊರಿನ ರಕ್ತದಲ್ಲಿ ಇಂಥ ಕೂಸು ಹೇಗೆ ಹುಟ್ಟಿತೆಂದು ಶೆಟ್ಟಿ ಇನ್ನೂ ಯೋಚಿಸುತ್ತಿದ್ದಾನೆ.

"ಎಲ್ಲಾ ಮಿಕ್ಸಿಗೆ ಹಾಕಿ ಒಂದು ರೌಂಡ್ ತಿರುಗಿಸಿ, ಮುಗೀತು" ಅಂದ ಗೌಡ.

ಅಕ್ಕ ಅವನನ್ನು ನೋಡಿದ ರೀತಿಗೆ ಅವನು ತಟ್ಟೆ ಕೆಳಗಿಟ್ಟ. ಮಿಕ್ಸಿ ಮುಳ್ಳನ್ನು ತೆಗೆಯುವುದಿಲ್ಲ, ಒಂದು ಮುಳ್ಳನ್ನು ಹತ್ತು ಮಾಡುತ್ತದೆ. ಮೀನೂ ಎಳೆ ಬಿಟ್ಟು ಹಿಟ್ಟಾಗುತ್ತದೆ. ಆ ಸಲಹೆಗೆ ದಂಡವಾಗಿ ಮುಳ್ಳು ಬಿಡಿಸುವ ಕೆಲಸ ಗೌಡನಿಗೇ ಬಿತ್ತು.

ಈ ಕೆಲಸ ಕಣ್ಣಿನದಲ್ಲ, ಬೆರಳಿನದು. ಅಕ್ಕ ತೋರಿಸಿಕೊಟ್ಟರು: ಸ್ಟೀಲ್ ತಟ್ಟೆ ಬೋರಲು ಹಾಕಿ, ಮೀನನ್ನು ಎಳೆಎಳೆಯಾಗಿ ಬಿಡಿಸಿ, ಚಿಟಿಕೆ ಚಿಟಿಕೆಯಾಗಿ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹೊಸೆಯಬೇಕು. ಚುಚ್ಚಿದ್ದನ್ನು ತಟ್ಟೆಗೆ ಬಿಟ್ಟರೆ ಟಿಣ್ ಅನ್ನುತ್ತದೆ. ಅಂಜಲಿಗೆ ಮುಳ್ಳು ಕಮ್ಮಿ, ನಡುವಿನದ್ದು ತೆಗೆದರೆ ಹೆಚ್ಚುಕಮ್ಮಿ ಮುಗಿಯಿತು. ಬಂಗುಡೆಯಲ್ಲಿ ನಡುಮುಳ್ಳಿನ ಆಚೀಚೆ ಸಣ್ಣವು ಸಾಲಾಗಿ ಕೂತಿರುತ್ತವೆ, ಹೊಟ್ಟೆಯ ಭಾಗವನ್ನು ಎರಡು ಸಲ ನೋಡಬೇಕು. ಬೂತಾಯಿಯಾಗಿದ್ದರೆ ಮಕ್ಕಳ ಕಟ್ಲೆಟ್ಟಿನ ಆಸೆಯನ್ನೇ ಬಿಡುವುದು ವಾಸಿ.

"ನಮ್ಮ ಕಟ್ಲಾಗಿಂತ ಇದು ಎಷ್ಟೋ ಮೇಲು" ಅಂದ ಮಂಡ್ಯದ ಗೌಡ, ಟಿಣ್ ಅನ್ನಿಸುತ್ತಾ. ಮಾತು ನಿಜ. ಕಟ್ಲಾ, ರೋಹು ಎರಡಕ್ಕೂ ಮಾಂಸದೊಳಗೇ ಹುದುಗಿದ ಕವಲು ಮುಳ್ಳುಗಳಿವೆ, ನಡುಮುಳ್ಳಿಗೆ ಅಂಟಿಕೊಂಡಿರುವುದಿಲ್ಲ. ಅದನ್ನು ಬಿಡಿಸಿ ಕಟ್ಲೆಟ್ ಮಾಡುವವರಿಗೆ ಬೇರೆ ಕೆಲಸ ಇರಬಾರದು.

"ಅಲ್ಲಕ್ಕ, ಫ್ರಿಜ್ಜಲ್ಯಾಕೆ ಇಟ್ರಿ? ನಮ್ಮಜ್ಜಿ ಮೀನು ಸಾರನ್ನ ಮಡಕೇಲಿ ಒಲೆ ಮೇಲೇ ಬಿಡ್ತಿತ್ತು. ಬೆಳಿಗ್ಗೆ ಒಂದು ಕುದಿ ಕುದಿಸಿ ಬಿಸಿ ಮುದ್ದೆಗೆ ಬಿಟ್ರೆ, ಆಹಾ..."

"ನಿಮ್ಮಜ್ಜಿಯದ್ದು ಕೆರೆ ಮೀನು. ಇದು ಬಂಗುಡೆ."

ಬಂಗುಡೆ, ಬೂತಾಯಿಯಂಥ ಮೀನು ಸೆಕೆಯಲ್ಲಿ ಹೆಚ್ಚು ಹೊತ್ತು ಬಿದ್ದಿದ್ದರೆ ಬ್ಯಾಕ್ಟೀರಿಯಾದಿಂದ ಅದರಲ್ಲಿ ಹಿಸ್ಟಮಿನ್ ಸೇರಿಕೊಳ್ಳುತ್ತದೆ. ಒಮ್ಮೆ ಸೇರಿದ್ದು ಕುದಿಸಿದರೂ ಹೋಗುವುದಿಲ್ಲ, ಹುರಿದರೂ ಹೋಗುವುದಿಲ್ಲ. ತಿಂದ ಸ್ವಲ್ಪ ಹೊತ್ತಿಗೇ ಮುಖ ಕೆಂಪೇರಿ, ಮೈ ತುರಿಸಿ, ತಲೆ ಸಿಡಿಯುತ್ತದೆ. ಅದಕ್ಕೇ ಊಟ ಮುಗಿದ ಎರಡು ಗಂಟೆಯೊಳಗೆ ಮಿಕ್ಕಿದ್ದು ಫ್ರಿಜ್ಜಿಗೆ ಹೋಗಬೇಕು, ಮೂರು ದಿನದೊಳಗೆ ಹೊಟ್ಟೆಗೆ ಹೋಗಬೇಕು. ಕೆರೆ ಮೀನನ್ನು ರಾತ್ರಿಯಿಡೀ ಹೊರಗಿಡುವುದೂ ಒಳ್ಳೆಯ ಅಭ್ಯಾಸವೇನಲ್ಲ, ಆದರೆ ಗೌಡನ ಅಜ್ಜಿಯ ತಂಟೆಗೆ ನಮ್ಮಲ್ಲಿ ಯಾರೂ ಹೋಗುವುದಿಲ್ಲ.

ಅಷ್ಟರಲ್ಲಿ ಶೆಟ್ಟಿ ಆಲೂಗಡ್ಡೆ ಹೆಚ್ಚತೊಡಗಿದ್ದ. ಹೊಸ್ತಿಲಿನಾಚೆಯಿಂದ ಕೂಗು ಬಂತು.

"ಏ ಏ ಶೆಟ್ರ! ಏನ್ ಮಾಡ್ಲಿಕ್ಕತ್ತೀರಿ?"

"ಬೇಗ ಬೇಯ್ಲಿ ಅಂತ..."

"ಹೆಚ್ಚಿ ಕುದಿಸಿದ್ರ ನೀರ ಕುಡೀತದ. ನೀರ ಕುಡದ ಆಲೂಗಡ್ಡಿ ಎಣ್ಣ್ಯಾಗ ನಿಲ್ತದೇನ್ರಿ? ಸಿಪ್ಪಿ ಸಮೇತ ಇಡೀದನ್ನ ಕುದಸ್ರಿ. ಬಿಸಿ ಇದ್ದಾಗನ ಸುಲದು, ಪುಡಿ ಮಾಡಿ, ತಾಟಿನ್ಯಾಗ ಹರವ್ರಿ. ಉಗಿ ಹೋಗ್ಲಿ. ಪೂರಾ ಆರಿದ ಮ್ಯಾಲ ಕಲಸ್ರಿ."

ಅಡುಗೆಮನೆ ಸ್ತಬ್ಧ. ಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡಿದ್ದ ಮನುಷ್ಯ ಮೀನಿನ ಕಟ್ಲೆಟ್ಟಿನ ಯಜಮಾನಿಕೆ ವಹಿಸಿಕೊಂಡಿದ್ದ.

"ನಮ್ಮ ಮನ್ಯಾಗ ಕಟ್ಲೆಟ್ ಮಾಡಾಂವ ನಾನ" ಅಂದರು ಜೋಶಿ, ಸ್ವಲ್ಪ ನಾಚಿ. "ಒಳಗ ಗಜ್ಜರಿ ಇದ್ರೇನು, ನಿಮ್ಮ ಅದು ಇದ್ರೇನು. ಒಡಿಯೋದು ಆಲೂಗಡ್ಡಿ ತಪ್ಪಿಗೆ."

ಮುಂದಿನದ್ದೆಲ್ಲ ಅವರದೇ ದರ್ಬಾರು. ಬಿಡಿಸಿದ ಮೀನು ಎರಡು ಬಟ್ಟಲಿದ್ದರೆ ಆಲೂಗಡ್ಡೆ ಒಂದೇ ಬಟ್ಟಲು. ಹೆಚ್ಚಾದರೆ ಅದು ತಮ್ಮ ಕಟ್ಲೆಟ್ ಆಗಿಬಿಡುತ್ತದೆ ಅಂತ ಅವರೇ ನಕ್ಕರು. ಈರುಳ್ಳಿ ಸಣ್ಣಗೆ ಹೆಚ್ಚಿ ಮೊದಲೇ ಹುರಿಯಬೇಕು, ಹಸಿಯದು ಒಳಗೆ ಕೂತು ನೀರು ಬಿಡುತ್ತದೆ. ಗಸಿಯ ಬಂಗುಡೆಯನ್ನು ಮಸಾಲೆ ಕೊಡವಿ ಹಾಕಬೇಕು. ಮೊಟ್ಟೆ ಬೇಕಾ ಅಂತ ಶೆಟ್ಟಿ ಕೇಳಿದ್ದಕ್ಕೆ ಜೋಶಿ ಕಿವಿ ಮುಚ್ಚಿಕೊಂಡು, ತೆಳು ಅವಲಕ್ಕಿಯನ್ನು ಒಣಗಲೇ ಪುಡಿ ಮಾಡಿ ಹಾಕಲು ಹೇಳಿದರು. ಶುಂಠಿ, ಕೊತ್ತಂಬರಿ, ಅರ್ಧ ಲಿಂಬೆ. ಖಾರ ಬೇರೆ ಬೇಡ, ಫ್ರೈಗೆ ಹಚ್ಚಿದ್ದ ಬ್ಯಾಡಗಿಯೇ ಸಾಕು.

"ಉಪ್ಪು?" ಅಂದಳು ಮಗಳು.

ಎಲ್ಲರೂ ಅಭ್ಯಾಸಬಲದಿಂದ ಜೋಶಿಯ ಕಡೆ ನೋಡಿದರು. ಜೋಶಿ ಗೋಡೆ ನೋಡಿದರು. ಕೊನೆಗೆ ಗೌಡ ರುಚಿ ನೋಡುವ ಭಾರ ಹೊತ್ತ. ಎಷ್ಟು ಶ್ರದ್ಧೆಯಿಂದ ಹೊತ್ತನೆಂದರೆ ಅಕ್ಕ ಪಾತ್ರೆ ಕಸಿದುಕೊಳ್ಳಬೇಕಾಯಿತು.

ಹೆಬ್ಬೆರಳ ದಪ್ಪಕ್ಕೆ ತಟ್ಟಿ, ಚಿರೋಟಿ ರವೆಯಲ್ಲಿ ಹೊರಳಿಸಿ, ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟೆವು. ತಣ್ಣಗಾದರೆ ಗಟ್ಟಿಯಾಗಿ ಕೂರುತ್ತದೆ. ಆ ಅರ್ಧ ಗಂಟೆ ಗೌಡ ಫ್ರಿಜ್ಜಿನ ಮುಂದಿಂದ ಕದಲಲಿಲ್ಲ. ಆಮೇಲೆ ಕಾವಲಿಗೆ ನಾಲ್ಕು ಚಮಚ ತೆಂಗಿನೆಣ್ಣೆ, ನಡುಉರಿ. ಮೀನು ಬೆಂದದ್ದೇ ಆದ್ದರಿಂದ ಒಳಗೆ ಚೆನ್ನಾಗಿ ಬಿಸಿಯಾಗಿ ಹೊರಗೆ ಕೆಂಪಾದರೆ ಸಾಕು. ಶೆಟ್ಟಿ ಮೂರು ಸಲ ಸಟ್ಟುಗ ಎತ್ತಿದ, ಮೂರು ಸಲವೂ ಹೊಸ್ತಿಲಿನಿಂದ "ಬ್ಯಾಡ್ರೀ!" ಬಂತು. ಅಡಿ ಕೆಂಪಾದರೆ ತಾನಾಗಿ ಬಿಡುತ್ತದಂತೆ. ಬಿಟ್ಟಿತು. ಒಂದೂ ಒಡೆಯಲಿಲ್ಲ.

ಹುಡುಗಿ ತಟ್ಟೆ ಹಿಡಿದು ಬಂದಳು. "ಇದರಲ್ಲಿ ಮುಳ್ಳುಂಟಾ?"

"ಒಂದು ಮುಳ್ಳು ಸಿಕ್ಕಿದ್ರೆ ಇವತ್ತಿನ ಪಾತ್ರೆ ಎಲ್ಲಾ ನಾನೇ ತೊಳೀತೀನಿ ಪುಟ್ಟಿ" ಅಂದ ಗೌಡ.

ಎರಡು ಕಟ್ಲೆಟ್ ಸದ್ದಿಲ್ಲದೆ ಹೋದವು. ಮೂರನೆಯದರ ನಡುವೆ ಅವಳು ಬಾಯಿಂದ ಏನನ್ನೋ ತೆಗೆದು ತಟ್ಟೆಯ ಅಂಚಿಗಿಟ್ಟಳು. ಗೌಡನ ಮುಖ ಬಾಡಿತು. ಶೆಟ್ಟಿ ಮುಳ್ಳೆಂದ, ಗೌಡ ಅಲ್ಲವೆಂದ. ಪಂಚಾಯಿತಿಗೆ ಜೋಶಿಯನ್ನೇ ಕರೆಯಬೇಕಾಯಿತು. ಅವರು ಕನ್ನಡಕ ಏರಿಸಿ, ಮೊದಲ ಬಾರಿಗೆ ಹೊಸ್ತಿಲು ದಾಟಿ ಬಗ್ಗಿದರು.

"ಕೊತ್ತಂಬರಿ ದಂಟ್ರಿ. ನಾನ ಹಾಕಸಿದ್ದು."

ಗೌಡ ಅವರನ್ನು ತಬ್ಬಿಕೊಂಡ, ಎರಡೂ ಕೈಯಲ್ಲಿ ಬಂಗುಡೆಯ ಎಣ್ಣೆ ಸಮೇತ. ಅದೇ ಹೊತ್ತಿಗೆ ಜೋಶಿಯ ಫೋನು ಬಡಿದುಕೊಂಡಿತು. ಪರದೆಯ ಮೇಲೆ ಮನೆಯ ನಂಬರು.

"ಇವತ್ತು ಶ್ರಾವಣ ಸೋಮವಾರ ರೀ! ನಮ್ಮಾಕಿ ಪೂಜಿಗೆ ಕಾಯಾಕತ್ತಾಳ. ಈ ಅಂಗಿ ವಾಸನಿ ತಗೊಂಡು ಹೋಗಿ ಏನಂತ ಹೇಳ್ಲಿ?"

"ಆಲೂಗಡ್ಡೆ ಬೇಯಿಸಕ್ಕೆ ಹೋಗಿದ್ದೆ ಅನ್ನಿ ಜೋಶಿಗಳೇ" ಅಂದ ಗೌಡ, ನಾಲ್ಕನೆಯದಕ್ಕೆ ಕೈಹಾಕುತ್ತಾ. "ಸುಳ್ಳೇನಲ್ವಲ್ಲ."