ಗಾಡಿ ಓಡಿಸುವಾಗ ಬರುವ ಗಿರಾಕಿಗಳ ಕರೆಗಳನ್ನು ನಿಭಾಯಿಸುವುದು ಹೇಗೆ?

ಪ್ರಶ್ನೆ – ನಲ್ಲಿ ಕೆಲಸದವ, ಮೈಸೂರು

ಕುವೆಂಪುನಗರದ ಸುತ್ತಮುತ್ತ ಹದಿನಾಲ್ಕು ವರ್ಷಗಳಿಂದ ಪ್ಲಂಬಿಂಗ್ ಮತ್ತು ಮನೆ ಮೋಟಾರುಗಳ ರಿಪೇರಿ ಮಾಡಿಕೊಂಡಿದ್ದೇನೆ. ಸ್ಕೂಟರಿನ ಮುಂದೆ ಟೂಲ್ ಬ್ಯಾಗ್ ಇಟ್ಟುಕೊಂಡು ಬೋಗಾದಿ, ವಿಜಯನಗರ, ನಂಜನಗೂಡು ರಸ್ತೆ ಎಂದು ದಿನಕ್ಕೆ ಏಳೆಂಟು ಮನೆ ಸುತ್ತುತ್ತೇನೆ. ಕರೆಗಳು ಹೆಚ್ಚಾಗಿ ಬರುವುದು ಬೆಳಿಗ್ಗೆ ಎಂಟರಿಂದ ಹತ್ತರೊಳಗೆ, ಅಂದರೆ ಸರಿಯಾಗಿ ನಾನು ರಸ್ತೆಯಲ್ಲಿರುವ ಹೊತ್ತಿನಲ್ಲೇ. ಎತ್ತದಿದ್ದರೆ ಗಿರಾಕಿಗಳು ಐದು ನಿಮಿಷದೊಳಗೆ ಬೇರೆಯವರಿಗೆ ಫೋನ್ ಮಾಡಿಬಿಡುತ್ತಾರೆಂಬ ಭಯದಿಂದ, ಎಲ್ಲರಂತೆ ನಾನೂ ಹೆಲ್ಮೆಟ್ಟಿನೊಳಗೆ ಫೋನ್ ತುರುಕಿಕೊಂಡು ಮಾತಾಡುತ್ತಿದ್ದೆ. ಕಳೆದ ತಿಂಗಳು ರಿಂಗ್ ರಸ್ತೆಯಲ್ಲಿ ಒಬ್ಬರು ತಮ್ಮ ಟ್ಯಾಂಕಿಗೆ ಯಾವ ಅಳತೆಯ ಗೇಟ್ ವಾಲ್ವ್ ಬೇಕೆಂದು ಕೇಳಿದರು. ಅವರ ಮನೆಯ ಪೈಪು ಒಂದಿಂಚೋ ಒಂದೂಕಾಲಿಂಚೋ ಎಂದು ನೆನಪು ಮಾಡಿಕೊಳ್ಳುತ್ತಿರುವಾಗ, ಮುಂದಿದ್ದ ಆಟೋ ನಿಂತದ್ದು ನನಗೆ ಕಾಣಲೇ ಇಲ್ಲ. ಮೊಣಕಾಲು ತರಚಿದ್ದು ಬಿಟ್ಟರೆ ಹೆಚ್ಚೇನೂ ಆಗಲಿಲ್ಲ. ಕೆಲಸವೂ ತಪ್ಪದಂತೆ, ರಸ್ತೆಯಲ್ಲಿ ಮಾತೂ ಆಡದಂತೆ ನೀವೆಲ್ಲ ಏನು ಏರ್ಪಾಡು ಮಾಡಿಕೊಂಡಿದ್ದೀರಿ?

ಉತ್ತರ 1 – ವೈರಿಂಗ್ ಕೆಲಸದವ, ಹೆಬ್ಬಾಳು

ನಾನು ಹೆಲ್ಮೆಟ್ಟಿಗೆ ಅಂಟಿಸುವ ಬ್ಲೂಟೂತ್ ಸಾಧನವನ್ನು ಎರಡು ವರ್ಷದಿಂದ ಬಳಸುತ್ತಿದ್ದೇನೆ. ಒಂದು ಗುಂಡಿ ಒತ್ತಿದರೆ ಕರೆ ಎತ್ತಬಹುದು, ಎರಡೂ ಕೈ ಹ್ಯಾಂಡಲಿನ ಮೇಲೆಯೇ ಇರುತ್ತವೆ. ಕಾನೂನು ತಡೆಯುವುದು ಕೈಯಲ್ಲಿ ಹಿಡಿದ ಫೋನನ್ನು ಮಾತ್ರ ಎಂದು ತಿಳಿದಿದ್ದೇನೆ. ಅದನ್ನೇ ಕೊಂಡುಕೊಳ್ಳಿ.

ಉತ್ತರ 2 – ಡ್ರೈವಿಂಗ್ ಶಾಲೆಯ ಮೇಷ್ಟ್ರು, ಮೈಸೂರು

ಮೇಲಿನ ಸಲಹೆಯನ್ನು ಒಪ್ಪಲಾರೆ, ಏಕೆಂದರೆ ಪ್ರಶ್ನೆ ಕೇಳಿದವರ ಕೈಯಲ್ಲೂ ಆ ದಿನ ಫೋನ್ ಇರಲಿಲ್ಲ. ಅವರ ಎರಡು ಕೈಗಳೂ ಹ್ಯಾಂಡಲಿನ ಮೇಲಿದ್ದವು, ಕಣ್ಣು ರಸ್ತೆಯ ಮೇಲಿತ್ತು. ಮನಸ್ಸು ಮಾತ್ರ ಯಾರದೋ ಮನೆಯ ತಾರಸಿಯಲ್ಲಿ ಪೈಪು ಅಳೆಯುತ್ತಿತ್ತು. ವಾಹನ ಓಡಿಸುತ್ತ ಫೋನ್ ಬಳಸುವವರು ಅಪಘಾತಕ್ಕೆ ಸಿಲುಕುವ ಸಾಧ್ಯತೆ ಸುಮಾರು 4 ಪಟ್ಟು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಫೋನನ್ನು ಕೈಯಲ್ಲಿ ಹಿಡಿಯದೆ ಮಾತಾಡಿದರೂ ಅಪಾಯ ಹೇಳಿಕೊಳ್ಳುವಷ್ಟು ತಗ್ಗುವುದಿಲ್ಲವೆಂದೂ ಹೇಳುತ್ತದೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಮುಂದೆ ಹೋಗಿರುತ್ತದೆ. ಒಂದೋ ಒಂದೂಕಾಲೋ ಎಂದು ಎರಡು ಸೆಕೆಂಡು ಯೋಚಿಸಿದರೂ 22 ಮೀಟರ್ ದಾಟಿದಂತಾಯಿತು.

ಕಾನೂನಿನ ವಿಷಯ ಅವರು ಹೇಳಿದಂತೆಯೇ ಇದೆ. 1988ರ ಮೋಟಾರು ವಾಹನ ಕಾಯ್ದೆಯ 184ನೇ ಕಲಮಿಗೆ 2019ರಲ್ಲಿ ಬಂದ ತಿದ್ದುಪಡಿಯು ಕೈಯಲ್ಲಿ ಹಿಡಿದ ಫೋನಿನ ಬಳಕೆಯನ್ನು ಅಪಾಯಕಾರಿ ಚಾಲನೆ ಎಂದು ಹೆಸರಿಸಿದೆ. ಆದರೆ ನಿಮಗೆ ಬೇಕಾದದ್ದು ದಂಡ ತಪ್ಪಿಸಿಕೊಳ್ಳುವ ಉಪಾಯವಲ್ಲವಷ್ಟೇ. ಇನ್ನು ಹೆಲ್ಮೆಟ್ಟಿನೊಳಗೆ ತುರುಕಿದ ಫೋನಿನ ಬಗ್ಗೆ ಒಂದು ಮಾತು: ಬಿದ್ದಾಗ ಅದು ಕೆನ್ನೆಗೂ ಹೆಲ್ಮೆಟ್ಟಿಗೂ ನಡುವೆ ಇರುವ ಗಟ್ಟಿ ವಸ್ತು.

ಉತ್ತರ 3 – ಪಂಪ್‌ಸೆಟ್ ರಿಪೇರಿ, ಮಂಡ್ಯ

ಸ್ವಾಮಿ, ನನ್ನ ಗಿರಾಕಿಗಳು ರೈತರು. ತ್ರೀ ಫೇಸ್ ಕರೆಂಟ್ ಬಂದ ಕ್ಷಣದಲ್ಲಿ ಮೋಟಾರ್ ಏಳದಿದ್ದರೆ ನಾಲ್ಕೂರಿನವರು ಒಟ್ಟಿಗೇ ಫೋನ್ ಮಾಡುತ್ತಾರೆ, ಆಗ ನಾನು ಶ್ರೀರಂಗಪಟ್ಟಣದ ಕಡೆ ಸರ್ವಿಸ್ ರಸ್ತೆಯಲ್ಲಿರುತ್ತೇನೆ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ ಬೈಕುಗಳಿಗೆ ಪ್ರವೇಶವಿಲ್ಲದ್ದರಿಂದ ನಮ್ಮಂಥವರೆಲ್ಲ ಅಲ್ಲೇ ಓಡಾಡಬೇಕು. ಎದುರುಗಡೆಯಿಂದ ಬರುವ ಬೈಕು, ಹಿಂದೆ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರು, ಎಲ್ಲವೂ ಅದೇ ರಸ್ತೆಯಲ್ಲಿ. ಅಲ್ಲಿ ಮಾತಾಡುತ್ತ ಹೋಗುವ ಧೈರ್ಯ ನನಗಿಲ್ಲ.

ಹಲವು ವರ್ಷ ಒದ್ದಾಡಿದ ಮೇಲೆ ನನಗೆ ಅರ್ಥವಾದದ್ದೇನೆಂದರೆ, ಕರೆ ಮಾಡಿದವರಿಗೆ ಆ ಕ್ಷಣಕ್ಕೆ ಬೇಕಾಗಿರುವುದು ರಿಪೇರಿಯ ಉತ್ತರವಲ್ಲ, ನಾನು ಎಷ್ಟು ಹೊತ್ತಿಗೆ ಮಾತಿಗೆ ಸಿಗುತ್ತೇನೆ ಎಂಬುದು. ಅದನ್ನು ತಿಳಿಸಲು ನಾನೇ ಫೋನ್ ಎತ್ತಬೇಕಿಲ್ಲ. ಗಾಡಿ ಹತ್ತುವ ಮೊದಲು ಎಲ್ಲ ಕರೆಗಳೂ ಮನೆಯವಳ ನಂಬರಿಗೆ ಹೋಗುವಂತೆ ಫೋನಿನ ಸೆಟ್ಟಿಂಗ್ಸಿನಲ್ಲಿ ಕಾಲ್ ಫಾರ್ವರ್ಡ್ ಹಾಕಿ, ಇಳಿದ ಮೇಲೆ ತೆಗೆಯುತ್ತೇನೆ. ಎತ್ತದಿದ್ದಾಗ ಮಾತ್ರ ಫಾರ್ವರ್ಡ್ ಆಗುವಂತೆಯೂ ಇಡಬಹುದು, ಆದರೆ ಆಗ ಜೇಬಿನಲ್ಲಿ ಗಂಟೆ ಬಾರಿಸುತ್ತಲೇ ಇರುತ್ತದೆ, ನಾನು ಆಸೆಬುರುಕ, ಎತ್ತಿಬಿಡುತ್ತೇನೆ. ಅವಳು ಹೆಸರು, ಊರು, ಮೋಟಾರ್ ಎಷ್ಟು ಎಚ್‌ಪಿ ಎಂಬುದನ್ನು ಪುಸ್ತಕದಲ್ಲಿ ಬರೆದುಕೊಂಡು, ಇಷ್ಟು ಗಂಟೆಗೆ ಅವರೇ ಫೋನ್ ಮಾಡುತ್ತಾರೆ ಎನ್ನುತ್ತಾಳೆ. ಹೇಳಿದ ಗಂಟೆಗೆ ನಾನು ಮಾಡಲೇಬೇಕು. ಎರಡು ಸಲ ತಪ್ಪಿದರೆ ಈ ಏರ್ಪಾಡನ್ನು ಯಾರೂ ನಂಬುವುದಿಲ್ಲ. ಒಂದು ಎಚ್ಚರಿಕೆ: ಯಾರೋ ಅಪರಿಚಿತರು ಫೋನ್ ಮಾಡಿ \*401\* ಒತ್ತಿ ಇಂಥ ನಂಬರ್ ಹಾಕಿ ಎಂದರೆ ಹಾಕಬೇಡಿ, ನಿಮ್ಮ ಕರೆಗಳನ್ನು ತಮ್ಮ ಕಡೆಗೆ ತಿರುಗಿಸಿಕೊಳ್ಳುವ ಮೋಸ ಅದು.

ಪ್ರಶ್ನೆ ಕೇಳಿದವರು

ತುಂಬ ಉಪಕಾರವಾಯಿತು. ನನ್ನ ಹೆಂಡತಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವುದರಿಂದ ಹಗಲು ಫೋನ್ ಎತ್ತಲಾರಳು. ವಾಟ್ಸ್ಯಾಪ್ ಬಿಸಿನೆಸ್ಸಿನಲ್ಲಿ ತಾನಾಗಿಯೇ ಉತ್ತರ ಹೋಗುವ ಸೌಲಭ್ಯವಿದೆಯೆಂದು ಕೇಳಿದ್ದೇನೆ. ಆದರೆ ನನ್ನ ಗಿರಾಕಿಗಳಲ್ಲಿ ಅರ್ಧಕ್ಕರ್ಧ ವಯಸ್ಸಾದವರು, ಮೆಸೇಜ್ ನೋಡುವವರಲ್ಲ.

ಉತ್ತರ 4 – ನಿವೃತ್ತ ಶಿಕ್ಷಕಿ, ಸರಸ್ವತಿಪುರಂ

ನಾನು ಈ ಕೆಲಸದವಳಲ್ಲ, ಫೋನ್ ಮಾಡಿ ಕಾಯುವವಳು. ವಾಟ್ಸ್ಯಾಪಿನ ಆ ಉತ್ತರ ಅಲ್ಲಿ ಮೆಸೇಜ್ ಕಳಿಸಿದವರಿಗೆ ಮಾತ್ರ ಹೋಗುತ್ತದೆ, ನನ್ನಂತೆ ನೇರವಾಗಿ ನಂಬರ್ ಒತ್ತುವವರಿಗೆ ಅದರಿಂದ ಪ್ರಯೋಜನವಿಲ್ಲ. ನಮ್ಮ ಪ್ಲಂಬರ್ ಅಡುಗೆಮನೆಯ ಬಾಗಿಲಿಗೆ ಒಂದು ಚೀಟಿ ಅಂಟಿಸಿ ಹೋಗಿದ್ದಾರೆ. ಅದರಲ್ಲಿ ಅವರ ನಂಬರಿನ ಕೆಳಗೆ, "ಎತ್ತದಿದ್ದರೆ ಗಾಡಿಯಲ್ಲಿದ್ದೇನೆ, ಹತ್ತೂವರೆಗೆ ಮತ್ತು ಮೂರಕ್ಕೆ ನಾನೇ ಮಾಡುತ್ತೇನೆ, ನೀರು ಸೋರುತ್ತಿದ್ದರೆ ಮೊದಲು ತಾರಸಿಯ ಈ ವಾಲ್ವ್ ತಿರುಗಿಸಿ" ಎಂದು ಬರೆದು, ಆ ವಾಲ್ವಿಗೆ ಕೆಂಪು ಬಣ್ಣ ಬಳಿದಿದ್ದಾರೆ. ಕಳೆದ ಮಳೆಗಾಲದಲ್ಲಿ ಸ್ನಾನದಮನೆಯ ಪೈಪು ಒಡೆದಾಗ ನಾನೇ ಅದನ್ನು ತಿರುಗಿಸಿ, ಅವರು ಮೂರಕ್ಕೆ ಫೋನ್ ಮಾಡುವವರೆಗೆ ನಿಶ್ಚಿಂತೆಯಿಂದ ಇದ್ದೆ. ಬೇರೆಯವರನ್ನು ಕರೆಯುವ ಯೋಚನೆಯೇ ಬರಲಿಲ್ಲ.

ಪ್ರಶ್ನೆ ಕೇಳಿದವರು

ಅಮ್ಮಾ, ಇದು ನನಗೆ ಹೊಳೆದೇ ಇರಲಿಲ್ಲ. ನಾನು ಸಾಮಾನು ಕೊಳ್ಳುವ ಹಾರ್ಡ್‌ವೇರ್ ಅಂಗಡಿಯ ಹುಡುಗ ಬೆಳಿಗ್ಗೆ ಎರಡು ಗಂಟೆ ನನ್ನ ಕರೆಗಳನ್ನು ಬರೆದುಕೊಳ್ಳಲು ಒಪ್ಪಿದ್ದಾನೆ, ನಾಳೆಯಿಂದ ಫಾರ್ವರ್ಡ್ ಹಾಕುತ್ತೇನೆ. ಚೀಟಿ ಅಚ್ಚು ಹಾಕಿಸಲು ಕೊಟ್ಟಿದ್ದೇನೆ, ಕೆಂಪು ಪೇಂಟಿನ ಅರ್ಧ ಲೀಟರ್ ಡಬ್ಬಿಯೂ ಬ್ಯಾಗಿಗೆ ಬಿದ್ದಿದೆ.